ಕಚೇರಿಗೆ ಬನ್ನಿ, ಆದರೆ ಕೆಲಸ ಇರುತ್ತಾ? ಅಮೆಜಾನ್‌ನ ಒಂದು ಪ್ರಕರಣ

2023ರ ಜನವರಿ 4ರಂದು ಅಮೆಜಾನ್ ಸಿಇಒ ಆ್ಯಂಡಿ ಜಾಸ್ಸಿ ಉದ್ಯೋಗಿಗಳಿಗೆ ಒಂದು ಪತ್ರ ಬರೆದರು. 18,000ಕ್ಕೂ ಸ್ವಲ್ಪ ಹೆಚ್ಚು ಹುದ್ದೆಗಳನ್ನು ತೆಗೆಯುತ್ತೇವೆ ಎಂದು ಅದರಲ್ಲಿತ್ತು. ಯಾರ ಹುದ್ದೆ ಎಂಬುದನ್ನು ಜನವರಿ 18ರಿಂದ ತಿಳಿಸಲಿದ್ದರು. ಸಾಮಾನ್ಯವಾಗಿ ಸಂಬಂಧಪಟ್ಟವರಿಗೆ ಹೇಳಿದ ಮೇಲೇ ಇಂಥ ಸುದ್ದಿ ಹೊರಗೆ ಬಿಡುತ್ತೇವೆ, ಈ ಸಲ ಒಳಗಿನವರೇ ಯಾರೋ ಸೋರಿಸಿದ್ದಾರೆ, ಹಾಗಾಗಿ ಈಗಲೇ ಹೇಳುತ್ತಿದ್ದೇವೆ ಎಂಬ ವಿವರಣೆಯೂ ಇತ್ತು. ಫೆಬ್ರವರಿ 17ಕ್ಕೆ ಅವರದೇ ಇನ್ನೊಂದು ಪತ್ರ ಬಂತು. ಮೇ 1ರಿಂದ ಎಲ್ಲರೂ ವಾರಕ್ಕೆ ಕನಿಷ್ಠ ಮೂರು ದಿನ ಕಚೇರಿಗೆ ಬರಬೇಕು. ಮಾರ್ಚ್ 20ಕ್ಕೆ ಮೂರನೆಯದು. ಇನ್ನೂ 9,000 ಹುದ್ದೆ ಹೋಗುತ್ತವೆ.

ಎರಡೂವರೆ ತಿಂಗಳಲ್ಲಿ ಮೂರು ಪತ್ರ. ಬರೆದವರು ಒಬ್ಬರೇ. ಒಟ್ಟು 27,000 ಜನ ಮನೆಗೆ ಹೋದರು. ಉಳಿದವರು ಮನೆ ಬಿಟ್ಟು ಕಚೇರಿಗೆ ಬರಬೇಕಾಯಿತು.

ಈ ಪ್ರಕರಣವನ್ನು ಹೆಚ್ಚಿನವರು ‘ಮನೆಯೋ ಕಚೇರಿಯೋ’ ಎಂಬ ಜಗಳವಾಗಿ ನೋಡಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು ಎಂಬುದು ಸಾಮಾನ್ಯ ದಿನಗಳಲ್ಲಿ ಕೂತು ಮಾತಾಡಿ ಬಗೆಹರಿಸಬಹುದಾದ ವಿಷಯ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯದ ನಡುವೆ ಅದೇ ವಿಷಯ ಬಂದಾಗ ಜನ ಪತ್ರದಲ್ಲಿರುವುದನ್ನು ಓದುವುದಿಲ್ಲ, ಇಲ್ಲದ್ದನ್ನು ಹುಡುಕುತ್ತಾರೆ. ಅಮೆಜಾನ್‌ನಲ್ಲಿ ಮೂರು ವರ್ಷ ನಡೆದದ್ದು ಇದೇ.

ಬರೆದು ಮಾತಾಡುವ ಕಂಪನಿ

ಮೊದಲು ಸ್ವಲ್ಪ ಹಿನ್ನೆಲೆ. ಅಮೆಜಾನ್ ಅಂದರೆ ಗೋದಾಮು, ಪಾರ್ಸೆಲ್, ಡೆಲಿವರಿ ವ್ಯಾನು ಎಂದು ನಮಗೆ ತಕ್ಷಣ ಹೊಳೆಯುತ್ತದೆ. ಅಲ್ಲಿನ ಸುಮಾರು 15 ಲಕ್ಷ ಉದ್ಯೋಗಿಗಳಲ್ಲಿ ಬಹುಪಾಲು ಜನ ಆ ಕೆಲಸದಲ್ಲೇ ಇದ್ದಾರೆ. ಅವರಿಗೆ ಮನೆಯಿಂದ ಕೆಲಸ ಎಂಬುದು ಯಾವತ್ತೂ ಇರಲಿಲ್ಲ. ಈ ಕಥೆ ಇನ್ನುಳಿದ ಸುಮಾರು 3.5 ಲಕ್ಷ ಜನರದು. ಸಾಫ್ಟ್‌ವೇರ್ ಎಂಜಿನಿಯರ್‌ಗಳು, ಪ್ರಾಡಕ್ಟ್ ಮ್ಯಾನೇಜರ್‌ಗಳು, ಎಚ್‌ಆರ್, ಹಣಕಾಸು, ಜಾಹೀರಾತು, ಕ್ಲೌಡ್ ವಿಭಾಗದವರು.

ಈ ಕಂಪನಿಯ ಒಂದು ಅಭ್ಯಾಸ ಎಲ್ಲರಿಗೂ ಗೊತ್ತಿರುವಂಥದ್ದು. 2004ರಲ್ಲಿ ಸಂಸ್ಥಾಪಕ ಜೆಫ್ ಬೆಜೋಸ್ ಹಿರಿಯರ ಸಭೆಗಳಲ್ಲಿ ಪವರ್‌ಪಾಯಿಂಟ್ ಬೇಡ ಎಂದುಬಿಟ್ಟರು. ಅದರ ಬದಲು ಆರು ಪುಟಗಳ ಬರಹ. ಸಭೆ ಶುರುವಾದಾಗ ಎಲ್ಲರೂ ಸುಮ್ಮನೆ ಕೂತು ಅದನ್ನು ಓದಬೇಕು, ಆಮೇಲೆ ಚರ್ಚೆ. ವಾದ ಇದ್ದರೆ ಬರಹದಲ್ಲಿರಬೇಕು, ಆಧಾರ ಇದ್ದರೆ ಅಂಕಿಗಳಲ್ಲಿರಬೇಕು. ಯೋಚಿಸಿ ನೋಡಿದರೆ, ದೂರದಿಂದ ಕೆಲಸ ಮಾಡಲು ಇದಕ್ಕಿಂತ ಹೊಂದುವ ಪದ್ಧತಿ ಇನ್ನೊಂದಿಲ್ಲ. ಎಲ್ಲವೂ ಬರಹದಲ್ಲಿದ್ದರೆ ಓದುವವರು ಎಲ್ಲಿ ಕೂತರೇನು, ಅಲ್ವಾ?

ಕಂಪನಿಯ ‘ನಾಯಕತ್ವ ಸೂತ್ರ’ಗಳಲ್ಲಿ ಇನ್ನೊಂದಿದೆ. ಒಪ್ಪಿಗೆಯಿಲ್ಲದಿದ್ದರೆ ಧೈರ್ಯವಾಗಿ ಹೇಳು, ತೀರ್ಮಾನ ಆದ ಮೇಲೆ ಮಾತ್ರ ಅದಕ್ಕೆ ಪೂರ್ತಿ ಬದ್ಧನಾಗು ಎನ್ನುವ ಸೂತ್ರ ಅದು. 2021ರ ಜುಲೈನಲ್ಲಿ, ಜಾಸ್ಸಿ ಸಿಇಒ ಆಗುವ ಹೊತ್ತಿಗೆ, ‘ಭೂಮಿಯ ಮೇಲಿನ ಅತ್ಯುತ್ತಮ ಉದ್ಯೋಗದಾತ’ ಆಗಲು ಶ್ರಮಿಸಬೇಕು ಎಂಬ ಸೂತ್ರವನ್ನೂ ಸೇರಿಸಿದರು. ಈ ಎರಡನ್ನೂ ನೆನಪಿಟ್ಟುಕೊಳ್ಳಿ. ಜಗಳದಲ್ಲಿ ಎರಡೂ ಕಡೆಯವರು ಇವನ್ನೇ ಹಿಡಿದುಕೊಂಡು ಮಾತಾಡಿದರು.

ಇನ್ನೊಂದು ವಿಷಯವೂ ಹಿನ್ನೆಲೆಯಲ್ಲಿತ್ತು. ಕೋವಿಡ್ ಬರುವ ಮೊದಲೇ ಇಲ್ಲಿ ಕೆಲಸದ ಅಭದ್ರತೆ ಹೊಸದೇನಲ್ಲ. ಹೋದರೂ ಕಂಪನಿಗೆ ಬೇಸರವಿಲ್ಲ ಅನ್ನುವಂಥ ಉದ್ಯೋಗಿಗಳ ನಿರ್ಗಮನಕ್ಕೆ ಒಳಗೊಳಗೇ ಒಂದು ಗುರಿ ಇದೆ, ಅದು ವರ್ಷಕ್ಕೆ ಸುಮಾರು 6% ಎಂದು 2021ರಲ್ಲೇ ಅಮೆರಿಕದ ಪತ್ರಿಕೆಗಳು ಒಳಗಿನ ದಾಖಲೆಗಳನ್ನು ನೋಡಿ ಬರೆದಿದ್ದವು. ಅಂದರೆ ಪ್ರತಿ ಮ್ಯಾನೇಜರ್ ತನ್ನ ಟೀಮ್‌ನಲ್ಲಿ ಯಾರನ್ನು ಕೆಳಗಿಡಬೇಕು ಎಂದು ಹೇಗೂ ಲೆಕ್ಕ ಹಾಕುತ್ತಲೇ ಇರಬೇಕಿತ್ತು. ಆ ಲೆಕ್ಕದ ಮೇಲೆ ಲೇಆಫ್ ಬಂತು. ಅದರ ಮೇಲೆ ಕಚೇರಿಯ ಆದೇಶ ಬಂತು.

‘ಅಂಥ ಯೋಜನೆ ಇಲ್ಲ’

2020ರ ಮಾರ್ಚ್‌ನಲ್ಲಿ ಎಲ್ಲರಂತೆ ಅಮೆಜಾನ್‌ನವರೂ ಮನೆ ಸೇರಿದರು. ವ್ಯವಹಾರ ಮಾತ್ರ ಉಕ್ಕಿ ಹರಿಯಿತು. 2019ರ ಕೊನೆಗೆ ಸುಮಾರು 8 ಲಕ್ಷ ಇದ್ದ ಒಟ್ಟು ಉದ್ಯೋಗಿಗಳ ಸಂಖ್ಯೆ 2021ರ ಕೊನೆಗೆ 16 ಲಕ್ಷ ದಾಟಿತು. ಹೀಗೆ ಸೇರಿದವರಲ್ಲಿ ಕಂಪನಿಯ ಕಚೇರಿಯೇ ಇಲ್ಲದ ಊರಿನಲ್ಲಿ ಕೂತು ಸೇರಿದ ಎಂಜಿನಿಯರ್‌ಗಳೂ ಇದ್ದರು. ಅವರು ಸಂದರ್ಶನ ಕೊಟ್ಟದ್ದು ವಿಡಿಯೊದಲ್ಲಿ, ಲ್ಯಾಪ್‌ಟಾಪ್ ಬಂದದ್ದು ಅಂಚೆಯಲ್ಲಿ.

ಕಂಪನಿಯ ಮಾತು ಈ ಅವಧಿಯಲ್ಲಿ ಹಲವು ಸಲ ಬದಲಾಯಿತು. 2021ರ ಮೊದಲಲ್ಲಿ ‘ಕಚೇರಿಯೇ ಕೇಂದ್ರ’ ಎಂದರು. ಆಮೇಲೆ ವಾರಕ್ಕೆ ಮೂರು ದಿನ ಎಂದರು. ಅಕ್ಟೋಬರ್ 2021ರಲ್ಲಿ ಅದನ್ನೂ ಬಿಟ್ಟು, ಪ್ರತಿ ಟೀಮ್‌ನ ನಿರ್ದೇಶಕರೇ ತೀರ್ಮಾನ ಮಾಡಲಿ ಎಂದರು. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಕಂಪನಿ ಮಾಡಿದ ಅತ್ಯಂತ ವಿವೇಕದ ತೀರ್ಮಾನ ಅದು. ಹಾರ್ಡ್‌ವೇರ್ ಮಾಡುವ ಟೀಮ್‌ಗೆ ಲ್ಯಾಬ್ ಬೇಕು. ನಾಲ್ಕು ನಗರಗಳಲ್ಲಿ ಹಂಚಿಹೋಗಿರುವ ಸಾಫ್ಟ್‌ವೇರ್ ಟೀಮ್‌ಗೆ ಒಂದು ಕಟ್ಟಡದಿಂದ ಏನೂ ಆಗಬೇಕಿಲ್ಲ. ಈ ವ್ಯತ್ಯಾಸ ಗೊತ್ತಿರುವುದು ಹತ್ತಿರದಲ್ಲಿರುವವರಿಗೆ.

2022ರ ಸೆಪ್ಟೆಂಬರ್‌ನಲ್ಲಿ ಒಂದು ಸಾರ್ವಜನಿಕ ಸಮ್ಮೇಳನದಲ್ಲಿ ಜಾಸ್ಸಿ ಅವರನ್ನು ಇದೇ ಪ್ರಶ್ನೆ ಕೇಳಿದರು. ಕಚೇರಿಗೆ ಬರಲೇಬೇಕು ಎಂದು ಕಡ್ಡಾಯ ಮಾಡುವ ಯೋಜನೆ ಸದ್ಯಕ್ಕಿಲ್ಲ ಎಂದು ಉತ್ತರಿಸಿದರು. ಕಲಿಯುತ್ತ, ಹೊಂದಿಸಿಕೊಳ್ಳುತ್ತ ಹೋಗುತ್ತೇವೆ ಎಂಬ ಮಾತನ್ನೂ ಸೇರಿಸಿದರು. ನ್ಯಾಯವಾಗಿ ನೋಡಿದರೆ ಅದು ಶಾಶ್ವತ ಭರವಸೆ ಅಲ್ಲ, ‘ಸದ್ಯಕ್ಕೆ’ ಎಂಬುದು ಅದರಲ್ಲೇ ಇತ್ತು. ಆದರೆ ಮನೆ ಬದಲಾಯಿಸುವವರು, ಸಾಲ ಮಾಡಿ ಮನೆ ಕೊಳ್ಳುವವರು, ಮಗುವನ್ನು ಶಾಲೆಗೆ ಸೇರಿಸುವವರು ಇಂಥ ಮಾತಿನ ಮೇಲೇ ತೀರ್ಮಾನ ಮಾಡುತ್ತಾರೆ. ಅವರಿಗೆ ಸಿಗುವುದು ಅಷ್ಟೇ.

ಆ ಮಾತಾಡಿ ಐದು ತಿಂಗಳಿಗೆ ಮೂರು ದಿನದ ಆದೇಶ ಬಂತು. ನಡುವೆ ನವೆಂಬರ್‌ನಲ್ಲಿ ಲೇಆಫ್ ಶುರುವಾಗಿತ್ತು.

ಆದೇಶ ಮತ್ತು ಅನುಮಾನ

ಫೆಬ್ರವರಿಯ ಆ ಪತ್ರವನ್ನು ಒಂದು ಬರಹವಾಗಿ ಓದಿದರೆ ಕೆಟ್ಟದಾಗಿಲ್ಲ. ಎದುರಾಬದುರಾ ಇದ್ದಾಗ ಕಂಪನಿಯ ಸಂಸ್ಕೃತಿ ಕಲಿಯುವುದು ಸುಲಭ. ಹೊಸ ಐಡಿಯಾಗಳು ಸಭೆ ಮುಗಿದ ಮೇಲೆ ಬಿಳಿ ಹಲಗೆಯ ಮುಂದೆ ನಿಂತಾಗ ಹುಟ್ಟುತ್ತವೆ. ಪಕ್ಕದವರನ್ನು ಥಟ್ಟನೆ ಕೇಳಿ ಕಲಿಯಬಹುದು. ಕಚೇರಿಗಳ ಸುತ್ತಮುತ್ತಲಿನ ವ್ಯಾಪಾರಕ್ಕೂ ಚೇತರಿಕೆ ಸಿಗುತ್ತದೆ. ಹೀಗೆ ವಾದ ಸಾಗುತ್ತದೆ. ಇವೆಲ್ಲ ಸುಳ್ಳಲ್ಲ.

ಇಲ್ಲದ್ದು ಒಂದೇ, ಅಂಕಿ. ವೆಬ್‌ಸೈಟ್‌ನ ಒಂದು ಬಟನ್‌ನ ಬಣ್ಣ ಬದಲಾಯಿಸಲೂ ಪ್ರಯೋಗ ಮಾಡಿ ಲೆಕ್ಕ ತೋರಿಸಬೇಕಾದ ಕಂಪನಿಯಲ್ಲಿ ಲಕ್ಷಾಂತರ ಜನರ ದಿನಚರಿ ಬದಲಾಯಿಸುವ ಆದೇಶಕ್ಕೆ ಲೆಕ್ಕವೇ ಇರಲಿಲ್ಲ. ಉದ್ಯೋಗಿಗಳು ಹಿಡಿದದ್ದು ಅದನ್ನೇ. ಉದ್ಯೋಗಿಗಳು ಪರಸ್ಪರ ಮೆಸೇಜ್ ಮಾಡುವ ಸ್ಲ್ಯಾಕ್ ಎಂಬ ಆ್ಯಪ್‌ನಲ್ಲಿ ಒಂದು ಚಾನೆಲ್ ಹುಟ್ಟಿಕೊಂಡಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಸೇರಿದರು. ಕಂಪನಿಯ ಪದ್ಧತಿಯಂತೆಯೇ ಪುಟಗಟ್ಟಲೆ ಬರಹ ತಯಾರಾಯಿತು. ಆದೇಶ ಹಿಂತೆಗೆದುಕೊಳ್ಳಿ ಎಂಬ ಮನವಿಗೆ ಸುಮಾರು 30,000 ಜನ ಸಹಿ ಹಾಕಿದರು. ಮಾರ್ಚ್‌ನಲ್ಲಿ ಎಚ್‌ಆರ್ ಮುಖ್ಯಸ್ಥೆ ಬೆತ್ ಗಲೆಟ್ಟಿ ಅದನ್ನು ತಳ್ಳಿಹಾಕಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ವಿಷಯ ವರದಿಯಾಯಿತು. ಪ್ರೈಮ್ ವಿಡಿಯೊ ವಿಭಾಗದ ಮುಖ್ಯಸ್ಥ ಮೈಕ್ ಹಾಪ್ಕಿನ್ಸ್ ಒಳಗಿನ ಸಭೆಯೊಂದರಲ್ಲಿ, ಇದನ್ನು ಸಮರ್ಥಿಸುವ ಡೇಟಾ ನನ್ನ ಬಳಿ ಇಲ್ಲ, ಆದರೆ ಕಚೇರಿಯೇ ಒಳ್ಳೆಯದು ಎಂಬ ನಂಬಿಕೆ ಇದೆ ಎಂಬರ್ಥದಲ್ಲಿ ಹೇಳಿದ್ದರಂತೆ. ನನಗೆ ಈ ಮಾತು ಇಷ್ಟವಾಯಿತು. ಪ್ರಾಮಾಣಿಕವಾಗಿದೆ. ಇದನ್ನೇ ಫೆಬ್ರವರಿಯಲ್ಲಿ ನೇರವಾಗಿ ಬರೆದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತೇನೋ. ‘ಇದು ನಮ್ಮ ಅಂದಾಜು, ಒಂದು ವರ್ಷ ನೋಡೋಣ’ ಎನ್ನುವುದಕ್ಕೂ, ಸಾಬೀತಾದ ಸತ್ಯ ಎಂಬಂತೆ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೇ 31ರಂದು ಸಿಯಾಟಲ್‌ನ ಮುಖ್ಯ ಕಚೇರಿಯ ಮುಂದೆ ಉದ್ಯೋಗಿಗಳು ಕೆಲಸ ಬಿಟ್ಟು ಬಂದು ಸೇರಿದರು. ಹವಾಮಾನದ ವಿಷಯದಲ್ಲಿ ಹೋರಾಡುತ್ತಿದ್ದ ಉದ್ಯೋಗಿಗಳ ಗುಂಪೂ ಜೊತೆಗಿತ್ತು. ಎಷ್ಟು ಜನ? ಸಂಘಟಕರ ಪ್ರಕಾರ ಸಾವಿರ, ಕಂಪನಿಯ ಪ್ರಕಾರ ಸುಮಾರು 300. ಕಣ್ಣೆದುರು ನಿಂತ ಜನರ ತಲೆಯೆಣಿಕೆಯಲ್ಲೂ ಇಬ್ಬರಿಗೂ ಒಮ್ಮತವಿಲ್ಲ. 30,000 ಸಹಿ ಇದ್ದರೂ ಬೀದಿಗೆ ಬಂದವರು ಇಷ್ಟೇ ಯಾಕೆ ಎಂದು ಆಗ ಕೆಲವರು ನಕ್ಕಿದ್ದರು. ಸ್ಲ್ಯಾಕ್‌ನಲ್ಲಿ ಹೆಸರು ಹಾಕುವುದಕ್ಕೂ ಬಾಸ್ ಕೂತಿರುವ ಕಟ್ಟಡದ ಮುಂದೆ ಫಲಕ ಹಿಡಿಯುವುದಕ್ಕೂ ಇರುವ ದೂರ ಲೇಆಫ್ ಕಾಲದಲ್ಲಿ ಬಹಳ ಜಾಸ್ತಿ. ಅದೇ ಹವಾಮಾನ ಗುಂಪಿನ ಇಬ್ಬರನ್ನು ಕಂಪನಿ 2020ರಲ್ಲಿ ಕೆಲಸದಿಂದ ತೆಗೆದಿತ್ತು. ಅಮೆರಿಕದ ಕಾರ್ಮಿಕ ಸಂಬಂಧಗಳ ಮಂಡಳಿಯ ಮುಂದೆ ಹೋದ ಆ ಪ್ರಕರಣ 2021ರಲ್ಲಿ ರಾಜಿಯಾಯಿತು. ಅದು ಯಾರಿಗೂ ಮರೆತಿರಲಿಲ್ಲ.

ಅಡಕತ್ತರಿಯ ಅಡಿಕೆ

ಇಂಥ ಪ್ರಕರಣಗಳಲ್ಲಿ ಎಲ್ಲರೂ ಮೇಲಿನವರನ್ನು ನೋಡುತ್ತಾರೆ, ಇಲ್ಲವೇ ಕೆಳಗಿನವರನ್ನು ನೋಡುತ್ತಾರೆ. ನಡುವಿನವರ ಪಾಡು ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಟೀಮ್ ಮ್ಯಾನೇಜರ್ ಅಂದರೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ.

ಅಕ್ಟೋಬರ್ 2021ರಿಂದ ಫೆಬ್ರವರಿ 2023ರ ತನಕ ಟೀಮ್ ಎಲ್ಲಿ ಕೂರಬೇಕು ಎಂಬುದು ಟೀಮ್ ಮಟ್ಟದಲ್ಲೇ ತೀರ್ಮಾನವಾಗುತ್ತಿತ್ತು. ಒಂದು ಪತ್ರದಿಂದ ಆ ಅಧಿಕಾರ ಹೋಯಿತು. ಅದರ ಬದಲು ಸಿಕ್ಕಿದ್ದು ಹಾಜರಿ ನೋಡುವ ಕೆಲಸ. ಕಟ್ಟಡದ ಬಾಗಿಲಲ್ಲಿ ಬ್ಯಾಡ್ಜ್ ತೋರಿಸಿದ್ದು ದಾಖಲಾಗುತ್ತದೆ, ಯಾರು ಎಷ್ಟು ದಿನ ಬಂದರು ಎಂಬ ವಿವರ ಮ್ಯಾನೇಜರ್‌ಗೆ ಬರುತ್ತದೆ. 2023ರ ಶರತ್ಕಾಲದ ಹೊತ್ತಿಗೆ, ಬಾರದವರ ಜೊತೆ ಮೊದಲು ಖಾಸಗಿಯಾಗಿ ಮಾತಾಡಿ, ಮತ್ತೆ ನೆನಪಿಸಿ, ಕೊನೆಗೆ ಕೆಲಸದಿಂದ ತೆಗೆಯುವವರೆಗೂ ಹೋಗಬಹುದು ಎಂಬ ಮಾರ್ಗಸೂಚಿ ಮ್ಯಾನೇಜರ್‌ಗಳಿಗೆ ಬಂದಿದೆ ಎಂದು ವರದಿಯಾಯಿತು. ಹಾಜರಿ ಕಡಿಮೆ ಇದ್ದರೆ ಬಡ್ತಿಗೂ ಅಡ್ಡಿ ಎಂಬುದು ಆಮೇಲೆ ಬಂತು.

ಇಲ್ಲಿ ಟೀಮ್‌ನ ಸಂವಹನಕ್ಕೆ ನಿಜವಾದ ಪೆಟ್ಟು ಬಿತ್ತು. ವಾರಕ್ಕೊಮ್ಮೆ ಮ್ಯಾನೇಜರ್ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವ ಸಮಯ ಅಂತ ಇರುತ್ತದೆ. ಕೋಡ್ ಎಲ್ಲಿ ಸಿಕ್ಕಿಕೊಂಡಿದೆ, ಪಕ್ಕದ ಟೀಮ್ ಜೊತೆ ಏನು ತಕರಾರು, ಮನೆಯಲ್ಲಿ ಏನಾದರೂ ಕಷ್ಟ ಇದೆಯಾ, ಇವೆಲ್ಲ ಹೊರಬರುವುದು ಅಲ್ಲೇ. ಅದೇ ಮ್ಯಾನೇಜರ್ ಕೈಯಲ್ಲಿ ಹಾಜರಿ ಪಟ್ಟಿ ಇದ್ದರೆ, ಅದೇ ಪಟ್ಟಿ ನಾಳೆ ಲೇಆಫ್ ಪಟ್ಟಿಯ ಪಕ್ಕ ಕೂರಬಹುದು ಎಂಬ ಅನುಮಾನ ಇದ್ದರೆ, ಅಮ್ಮನಿಗೆ ಹುಷಾರಿಲ್ಲ ಎಂದು ಯಾರು ಹೇಳುತ್ತಾರೆ? ಈ ಕೋಡ್ ನನಗೆ ಅರ್ಥವಾಗುತ್ತಿಲ್ಲ ಎಂದು ಯಾರು ಒಪ್ಪಿಕೊಳ್ಳುತ್ತಾರೆ? ಸಂವಹನ ಸುಧಾರಿಸಲು ತಂದ ನಿಯಮ, ಸಂವಹನ ನಡೆಯುತ್ತಿದ್ದ ಜಾಗವನ್ನೇ ಮೊದಲು ಕೆಡಿಸಿತು.

ಮೇಲಿನಿಂದ ಮ್ಯಾನೇಜರ್‌ಗೆ ಬರುತ್ತಿದ್ದ ಮಾಹಿತಿಯಾದರೂ ಚೆನ್ನಾಗಿತ್ತೇ? ಆಗಸ್ಟ್ 2023ರಲ್ಲಿ ಕೆಲವು ಉದ್ಯೋಗಿಗಳಿಗೆ ಒಂದು ಮೇಲ್ ಹೋಯಿತು. ನಿಮ್ಮ ಕಟ್ಟಡ ಸಿದ್ಧವಿದ್ದರೂ ನೀವು ವಾರಕ್ಕೆ ಮೂರು ದಿನ ಬರುತ್ತಿಲ್ಲ ಎಂಬ ಸಾರಾಂಶ. ಅದು ಕೆಲವರಿಗೆ ತಪ್ಪಾಗಿ ಹೋಗಿತ್ತು, ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಅದೇ ತಿಂಗಳ ಒಳಸಭೆಯಲ್ಲಿ ಜಾಸ್ಸಿ, ಒಪ್ಪದೆ ವಾದಿಸುವ ಕಾಲ ಮುಗಿಯಿತು, ಬದ್ಧರಾಗಲು ಆಗದಿದ್ದರೆ ಇಲ್ಲಿ ನಿಮಗೆ ಹೊಂದುವುದು ಕಷ್ಟ ಎಂಬರ್ಥದ ಮಾತಾಡಿದರು ಎಂದು ಸುದ್ದಿಯಾಯಿತು. ಸೂತ್ರದ ಎರಡನೇ ಅರ್ಧ ಹೊರಬಂತು. ಮೊದಲರ್ಧ, ಅಂದರೆ ಭಿನ್ನಾಭಿಪ್ರಾಯವನ್ನು ಕೂತು ಕೇಳುವ ಭಾಗ, ಯಾವಾಗ ನಡೆಯಿತು ಎಂದು ಉದ್ಯೋಗಿಗಳು ಕೇಳಿದರು. ಮನವಿ ತಿರಸ್ಕಾರವಾದದ್ದು ಬಿಟ್ಟರೆ ಅವರಿಗೆ ಬೇರೇನೂ ನೆನಪಿರಲಿಲ್ಲ.

ಊರು ಬಿಡಿ, ಇಲ್ಲವೇ ಕೆಲಸ ಬಿಡಿ

2023ರ ಬೇಸಿಗೆಯಲ್ಲಿ ಇನ್ನೊಂದು ಹಂತ ಬಂತು. ಹತ್ತಿರದ ಯಾವುದಾದರೂ ಕಚೇರಿಗೆ ಬಂದರೆ ಸಾಲದು, ನಿಮ್ಮ ಟೀಮ್‌ನ ಕೇಂದ್ರ ಕಚೇರಿ ಯಾವ ನಗರದಲ್ಲಿದೆಯೋ ಅಲ್ಲಿಗೇ ಹೋಗಬೇಕು ಎಂದು ಕೆಲವರಿಗೆ ಹೇಳಿದರು. ದೂರದಿಂದಲೇ ಕೆಲಸ ಮಾಡಲು ಸೇರಿದವರೂ ಇದರಲ್ಲಿದ್ದರು. ಒಪ್ಪದಿದ್ದರೆ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟಂತೆ.

ಇದರ ಹಿಂದಿನ ಲೆಕ್ಕ ಗೊತ್ತಾದರೆ ಉದ್ಯೋಗಿಗಳ ಅನುಮಾನ ಎಲ್ಲಿಂದ ಬಂತು ಎಂದು ಅರ್ಥವಾಗುತ್ತದೆ. ಅಮೆರಿಕದಲ್ಲಿ 1988ರ ಒಂದು ಕಾನೂನಿದೆ. ನೂರು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಂಪನಿ ಸಾಮೂಹಿಕವಾಗಿ ಜನರನ್ನು ತೆಗೆಯುವಾಗ 60 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. ತಾವಾಗಿಯೇ ಬಿಟ್ಟು ಹೋದವರು ಈ ಲೆಕ್ಕಕ್ಕೆ ಬರುವುದಿಲ್ಲ. ಬಿಟ್ಟು ಹೋದವರಿಗೆ ಸಾಮಾನ್ಯವಾಗಿ ಪರಿಹಾರದ ಹಣವೂ ಇಲ್ಲ, ಅದು ಪತ್ರಿಕೆಯಲ್ಲಿ ಲೇಆಫ್ ಸುದ್ದಿಯಾಗಿಯೂ ಬರುವುದಿಲ್ಲ. ಕಂಪನಿಯ ಉದ್ದೇಶ ಇದೇ ಆಗಿತ್ತು ಎಂದು ನಾನು ಹೇಳುತ್ತಿಲ್ಲ. 2024ರ ನವೆಂಬರ್‌ನಲ್ಲಿ ಜಾಸ್ಸಿ ಎಲ್ಲರ ಮುಂದೆ, ಇದು ಹಿಂಬಾಗಿಲಿನ ಲೇಆಫ್ ಅಲ್ಲ, ನಗರಾಡಳಿತಗಳ ಜೊತೆಗಿನ ಒಪ್ಪಂದವೂ ಅಲ್ಲ, ಸಂಸ್ಕೃತಿ ಗಟ್ಟಿ ಮಾಡಲು ಎಂದು ಸ್ಪಷ್ಟವಾಗಿ ಹೇಳಿದರು. ಆದರೆ 2024ರಲ್ಲಿ ಬ್ಯಾಂಬೂಎಚ್‌ಆರ್ ಎಂಬ ಕಂಪನಿ ಬೇರೆ ಬೇರೆ ಸಂಸ್ಥೆಗಳ ಹಿರಿಯ ಅಧಿಕಾರಿಗಳನ್ನು ಕೇಳಿದಾಗ, ನಾಲ್ವರಲ್ಲಿ ಒಬ್ಬರು ಕಚೇರಿ ಆದೇಶದಿಂದ ಕೆಲವರು ತಾವಾಗಿಯೇ ಬಿಡಲಿ ಎಂದು ಆಶಿಸಿದ್ದೆವು ಎಂದಿದ್ದರು. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎಂದು ಉದ್ಯೋಗಿ ಅಂದುಕೊಂಡರೆ ತಪ್ಪೇನು?

ಹೊರದೇಶದ ಪರಿಣತರು ಅಮೆರಿಕದಲ್ಲಿ ಕೆಲಸ ಮಾಡಲು ಪಡೆಯುವ ಎಚ್-1ಬಿ ವೀಸಾದಲ್ಲಿರುವವರ ಸ್ಥಿತಿ ಇನ್ನೂ ಬಿಗಿ. ಆ ವೀಸಾ ಅತಿ ಹೆಚ್ಚು ಪಡೆಯುವ ಕಂಪನಿಗಳ ಸಾಲಿನಲ್ಲಿ ಅಮೆಜಾನ್ ಮುಂಚೂಣಿಯಲ್ಲಿದೆ. ಕೆಲಸ ಹೋದರೆ ಹೊಸ ಕಂಪನಿ ಹುಡುಕಿಕೊಳ್ಳಲು ಇರುವುದು ಹೆಚ್ಚೆಂದರೆ 60 ದಿನ. ಇಲ್ಲದಿದ್ದರೆ ದೇಶ ಬಿಡಬೇಕು, ಇಲ್ಲವೇ ಬೇರೆ ವೀಸಾ ದಾರಿ ನೋಡಬೇಕು. ಇಂಥವರಿಗೆ ‘ಇಷ್ಟವಿಲ್ಲದಿದ್ದರೆ ಬಿಡಬಹುದು’ ಎನ್ನುವುದು ಆಯ್ಕೆಯೇ ಅಲ್ಲ. ಅವರಲ್ಲಿ ಎಷ್ಟೋ ಜನ ಸ್ಲ್ಯಾಕ್‌ನಲ್ಲಿ ಬರೆಯದೆ, ಫಲಕ ಹಿಡಿಯದೆ ಸುಮ್ಮನಿದ್ದಿರಬಹುದು. ಅದನ್ನು ಒಪ್ಪಿಗೆ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಅಧ್ಯಯನಗಳು ಯಾರ ಕಡೆ?

ಜಾಸ್ಸಿ ಅವರ ವಾದದಲ್ಲಿ ಹುರುಳಿಲ್ಲವೇ? ಇದೆ. ಮೈಕ್ರೋಸಾಫ್ಟ್‌ನ 61,182 ಉದ್ಯೋಗಿಗಳ 2020ರ ಸಂವಹನವನ್ನು ನೋಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಎಲ್ಲರೂ ಮನೆಗೆ ಹೋದ ಮೇಲೆ ಜನ ತಮ್ಮ ಗುಂಪಿನೊಳಗೇ ಹೆಚ್ಚು ಮಾತಾಡತೊಡಗಿದ್ದರು. ಬೇರೆ ಬೇರೆ ಗುಂಪುಗಳ ನಡುವಿನ ಕೊಂಡಿಗಳು ತೆಳುವಾಗಿದ್ದವು. ದೊಡ್ಡ ಅಮೆರಿಕನ್ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಎಮಾನುಯೆಲ್, ಹ್ಯಾರಿಂಗ್ಟನ್, ಪಲೈಸ್ ನಡೆಸಿದ ಅಧ್ಯಯನದಲ್ಲಿ, ಟೀಮ್ ಜೊತೆ ಒಂದೇ ಕಟ್ಟಡದಲ್ಲಿ ಕೂತವರ ಕೋಡ್‌ಗೆ ಹೆಚ್ಚು ಸಲಹೆ ಸಿಗುತ್ತಿತ್ತು. ಹೊಸಬರಿಗೆ ಲಾಭ ಜಾಸ್ತಿ. ಹಿರಿಯರಿಗೆ ಮಾತ್ರ ತಮ್ಮ ಸ್ವಂತ ಕೆಲಸ ಸ್ವಲ್ಪ ಹಿಂದೆ ಬೀಳುತ್ತಿತ್ತು.

ಇನ್ನೊಂದು ಕಡೆ, ಟ್ರಿಪ್‌.ಕಾಮ್ ಎಂಬ ಚೀನಾದ ಕಂಪನಿಯ 1,612 ಉದ್ಯೋಗಿಗಳ ಮೇಲೆ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರ ಸಾಧನೆಯಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಟ್ಟು ಹೋಗುವವರು ಮಾತ್ರ ಮೂರನೇ ಒಂದರಷ್ಟು ಕಡಿಮೆಯಾದರು. ಪ್ರಯೋಗಕ್ಕೆ ಮೊದಲು ಇದರಿಂದ ನಷ್ಟ ಎಂದುಕೊಂಡಿದ್ದ ಅಲ್ಲಿನ ಮ್ಯಾನೇಜರ್‌ಗಳೇ ಆಮೇಲೆ ಅಭಿಪ್ರಾಯ ಬದಲಿಸಿದರು.

ಇವೆಲ್ಲ ಸೇರಿಸಿ ನೋಡಿದರೆ ಪೂರ್ತಿ ಮನೆಗಿಂತ ಕೆಲವು ದಿನ ಒಟ್ಟಿಗಿರುವುದು ಒಳ್ಳೆಯದು ಎಂದು ವಾದಿಸಲು ಆಧಾರ ಇದೆ. ಹೊಸಬರಿಗಂತೂ ಖಂಡಿತ ಇದೆ. ಮೂರು ದಿನದಿಂದ ಐದು ದಿನಕ್ಕೆ ಹೋಗಲು ಆಧಾರ ಎಲ್ಲಿದೆ? ನನಗಂತೂ ಸಿಕ್ಕಿಲ್ಲ.

ಐದು ದಿನ

ಆದರೂ ಐದು ದಿನವೇ ಬಂತು. 2024ರ ಸೆಪ್ಟೆಂಬರ್ 16ರ ಪತ್ರದಲ್ಲಿ ಜಾಸ್ಸಿ, 2025ರ ಜನವರಿ 2ರಿಂದ ಕೋವಿಡ್ ಮೊದಲಿನಂತೆ ಕಚೇರಿ ಎಂದರು. ಮಗುವಿಗೆ ಹುಷಾರಿಲ್ಲದಿದ್ದರೆ, ಮನೆಯಲ್ಲಿ ತುರ್ತು ಇದ್ದರೆ ಮೊದಲಿನಂತೆಯೇ ನಡೆಯುತ್ತದೆ ಎಂದೂ ಇತ್ತು. ಅದೇ ಪತ್ರದಲ್ಲಿ ಇನ್ನೊಂದು ಸುದ್ದಿ. ಮ್ಯಾನೇಜರ್‌ಗಳಿಗೆ ಹೋಲಿಸಿದರೆ ಕೆಲಸ ಮಾಡುವವರ ಅನುಪಾತ 2025ರ ಮಾರ್ಚ್ ಕೊನೆಗೆ ಕನಿಷ್ಠ 15% ಹೆಚ್ಚಾಗಬೇಕು. ಅಂದರೆ ಮ್ಯಾನೇಜರ್ ಹುದ್ದೆಗಳು ಕಡಿಮೆ ಆಗಬೇಕು.

ಗಮನಿಸಿ, ಒಂದೇ ಪತ್ರ. ಕಚೇರಿಗೆ ಬನ್ನಿ ಎಂಬ ಆದೇಶವನ್ನು ಟೀಮ್‌ಗೆ ಒಪ್ಪಿಸಬೇಕಾದವರು ಮ್ಯಾನೇಜರ್‌ಗಳು. ಅದೇ ಪತ್ರ ಅವರ ಹುದ್ದೆಯ ಮೇಲೂ ಕತ್ತಿ ತೂಗಿಸಿತು. ನಾಳೆ ತಾನೇ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವರು ಹತ್ತು ಜನರಿಗೆ ಏನೆಂದು ಧೈರ್ಯ ಹೇಳುತ್ತಾರೆ?

ಉದ್ಯೋಗಿಗಳು ಹೆಸರು ಹೇಳದೆ ಮಾತಾಡುವ ಬ್ಲೈಂಡ್ ಎಂಬ ಆ್ಯಪ್‌ನಲ್ಲಿ 2,585 ಅಮೆಜಾನ್ ಉದ್ಯೋಗಿಗಳು ಉತ್ತರ ಕೊಟ್ಟಾಗ, 73% ಜನ ಬೇರೆ ಕೆಲಸ ಹುಡುಕುವ ಯೋಚನೆ ಇದೆ ಎಂದರು. ಅಲ್ಲಿಗೆ ಹೋಗುವವರೇ ಅಸಮಾಧಾನ ಇರುವವರು, ಹಾಗಾಗಿ ಆ ಅಂಕಿಯನ್ನು ಸ್ವಲ್ಪ ಇಳಿಸಿಯೇ ನೋಡಬೇಕು. ಕ್ಲೌಡ್ ವಿಭಾಗದ ಮುಖ್ಯಸ್ಥ ಮ್ಯಾಟ್ ಗಾರ್ಮನ್ ಅಕ್ಟೋಬರ್‌ನಲ್ಲಿ, ನಾನು ಮಾತಾಡಿಸಿದ ಹತ್ತರಲ್ಲಿ ಒಂಬತ್ತು ಜನ ಈ ಬದಲಾವಣೆಯಿಂದ ಖುಷಿಯಾಗಿದ್ದಾರೆ, ಇಷ್ಟವಿಲ್ಲದವರಿಗೆ ಬೇರೆ ಕಂಪನಿಗಳಿವೆ ಎಂದರು. ಈ ಅಂಕಿಯನ್ನೂ ಇಳಿಸಿಯೇ ನೋಡಬೇಕು. ನಿಮ್ಮ ವಿಭಾಗದ ಮುಖ್ಯಸ್ಥರು ಎದುರಿಗೆ ನಿಂತು ಕೇಳಿದರೆ ನೀವೇನು ಹೇಳುತ್ತೀರಿ? 500ಕ್ಕೂ ಹೆಚ್ಚು ಜನ ಸಹಿ ಹಾಕಿ ಗಾರ್ಮನ್‌ಗೆ ಪತ್ರ ಬರೆದರು. ಅವರ ಮುಖ್ಯ ದೂರು ಮತ್ತೆ ಅದೇ, ಇದಕ್ಕೆ ಡೇಟಾ ಎಲ್ಲಿದೆ?

ಜನವರಿ ಬಂದಾಗ ಕೆಲವು ನಗರಗಳಲ್ಲಿ ಕೂರಲು ಜಾಗವೇ ಸಾಲಲಿಲ್ಲ. ಅಲ್ಲಿನವರಿಗೆ ದಿನಾಂಕ ಮುಂದೆ ಹೋಯಿತು.

ಇಷ್ಟೆಲ್ಲದರ ನಡುವೆ ಒಂದು ವಿಷಯ ಚೆನ್ನಾಗಿ ನಡೆಯಿತು. ಅನಗತ್ಯ ನಿಯಮ, ವಿನಾಕಾರಣದ ಅನುಮತಿಗಳ ಬಗ್ಗೆ ನೇರವಾಗಿ ಬರೆಯಲು ಜಾಸ್ಸಿ ಅದೇ ಸೆಪ್ಟೆಂಬರ್ ಪತ್ರದಲ್ಲಿ ಒಂದು ಮೇಲ್ ವಿಳಾಸ ಕೊಟ್ಟಿದ್ದರು. ಒಂದು ವರ್ಷದಲ್ಲಿ ಸುಮಾರು 1,500 ಮೇಲ್ ಬಂದವು, ಅದರಿಂದ 450ಕ್ಕೂ ಹೆಚ್ಚು ಕಾರ್ಯವಿಧಾನ ಬದಲಾದವು ಎಂದು ಅವರೇ ಹೇಳಿದರು. ಬರೆದರೆ ಏನೋ ಆಗುತ್ತದೆ ಎಂದು ಕಂಡ ಕಡೆ ಜನ ಬರೆದರು. 30,000 ಸಹಿ ಹಾಕಿದವರೂ ಇದೇ ಜನ.

ಬೆಳಗಿನ ಮೆಸೇಜ್

2025ರ ಜೂನ್‌ನಲ್ಲಿ ಜಾಸ್ಸಿ ಕೃತಕ ಬುದ್ಧಿಮತ್ತೆಯ (ಎಐ) ಬಗ್ಗೆ ಬರೆದರು. ಮುಂದಿನ ಕೆಲವು ವರ್ಷಗಳಲ್ಲಿ ಕಚೇರಿ ಉದ್ಯೋಗಿಗಳ ಸಂಖ್ಯೆ ಇದರಿಂದ ಕಡಿಮೆಯಾಗಬಹುದು ಎಂದು ಅದರಲ್ಲಿತ್ತು. ಅಕ್ಟೋಬರ್ 28ರಂದು 14,000 ಹುದ್ದೆಗಳ ಕಡಿತ ಪ್ರಕಟವಾಯಿತು. ಗಲೆಟ್ಟಿ ಅವರ ಪತ್ರದಲ್ಲೂ ಎಐ ಬದಲಾವಣೆಯ ಮಾತಿತ್ತು. ಎರಡು ದಿನ ಬಿಟ್ಟು ಹೂಡಿಕೆದಾರರ ಜೊತೆ ಮಾತಾಡಿದ ಜಾಸ್ಸಿ, ಇದು ಹಣದ ಕಾರಣಕ್ಕಲ್ಲ, ಸದ್ಯಕ್ಕೆ ಎಐ ಕಾರಣಕ್ಕೂ ಅಲ್ಲ, ಸಂಸ್ಕೃತಿಯ ಕಾರಣಕ್ಕೆ ಎಂದರು. ಬೇಗ ಬೆಳೆದು ಪದರಗಳು ಹೆಚ್ಚಾಗಿದ್ದವು ಎಂಬುದು ಅವರ ವಿವರಣೆ. ಅದು ನಿಜವೂ ಇರಬಹುದು. ಕೆಲಸ ಕಳೆದುಕೊಂಡವರಿಗೆ ಮಾತ್ರ ಜೂನ್‌ನಲ್ಲಿ ಕೇಳಿದ್ದು ಒಂದು ಕಾರಣ, ಅಕ್ಟೋಬರ್ ಕೊನೆಗೆ ಕೇಳಿದ್ದು ಇನ್ನೊಂದು.

ಕಡಿತ ಪ್ರಕಟವಾದ ಆ ಬೆಳಗ್ಗೆ ಕೆಲವರಿಗೆ ಫೋನ್‌ನಲ್ಲಿ ಮೆಸೇಜ್ ಬಂತು, ಕಚೇರಿಗೆ ಹೊರಡುವ ಮೊದಲು ಮೇಲ್ ನೋಡಿ ಎಂದು. ಬಂದು ಬಾಗಿಲಲ್ಲಿ ಬ್ಯಾಡ್ಜ್ ಕೆಲಸ ಮಾಡದೆ ನಿಲ್ಲುವಂತಾಗಬಾರದು ಎಂಬ ಕಾಳಜಿ ಇದ್ದಿರಬಹುದು. ಮುಖಾಮುಖಿ ಮಾತಿಗೆ ಬೇರೇನೂ ಸಾಟಿಯಿಲ್ಲ ಎಂದು ಮೂರು ವರ್ಷ ವಾದಿಸಿದ ಕಂಪನಿ, ಮುಖ ನೋಡಿ ಹೇಳಲೇಬೇಕಾದ ಒಂದು ಮಾತಿಗೆ ಫೋನ್ ಮೆಸೇಜ್ ಆರಿಸಿಕೊಂಡಿತು. ಒಳಗೇ ಬೇರೆ ಕೆಲಸ ಹುಡುಕಲು ಹೆಚ್ಚಿನವರಿಗೆ 90 ದಿನ ಕೊಟ್ಟರು. ಅದು ಒಳ್ಳೆಯ ಸೌಲಭ್ಯವೇ.

ಇದನ್ನು ಬೇರೆ ರೀತಿ ಮಾಡಬಹುದಿತ್ತೇ? ಮಾಡಬಹುದಿತ್ತು. ಲೇಆಫ್ ಪೂರ್ತಿ ಮುಗಿಯಿತು, ಇನ್ನು ಇಷ್ಟು ತಿಂಗಳು ಇಲ್ಲ ಎಂದು ಹೇಳಿದ ಮೇಲೆ ಕಚೇರಿಯ ಮಾತೆತ್ತಬಹುದಿತ್ತು. 2021ರಂತೆ ಟೀಮ್‌ಗಳ ಕೈಗೇ ತೀರ್ಮಾನ ಬಿಟ್ಟು, ಹೊಸಬರಿರುವ ಟೀಮ್‌ಗಳಿಗೆ ಮಾತ್ರ ಹೆಚ್ಚು ದಿನ ಎನ್ನಬಹುದಿತ್ತು. ದೂರದಿಂದ ಸೇರಿದವರ ಒಪ್ಪಂದವನ್ನು ಹಾಗೇ ಉಳಿಸಬಹುದಿತ್ತು. ಹಾಜರಿ ಲೆಕ್ಕವನ್ನು ಮ್ಯಾನೇಜರ್ ಕೈಗೆ ಕೊಡದೆ ಇರಬಹುದಿತ್ತು. ಇವ್ಯಾವುದೂ ದುಬಾರಿಯಲ್ಲ. ಮಾಡದಿದ್ದುದಕ್ಕೆ ಕಂಪನಿ ಕಣ್ಣಿಗೆ ಕಾಣುವ ಬೆಲೆಯನ್ನೂ ತೆರಲಿಲ್ಲ ಎಂಬುದನ್ನೂ ಹೇಳಬೇಕು. 2024ರಲ್ಲಿ ಅದರ ನಿವ್ವಳ ಲಾಭ 5,900 ಕೋಟಿ ಡಾಲರ್ ದಾಟಿತ್ತು. ಲಾಭವನ್ನು ನೋಡಿ ಆದೇಶ ಸರಿಯಾಗಿತ್ತು ಎನ್ನುವವರಿದ್ದಾರೆ. ಯಾರು ಯಾರು ಬಿಟ್ಟು ಹೋದರು, ಯಾವ ಐಡಿಯಾ ಯಾರ ಬಾಯಲ್ಲೇ ಉಳಿಯಿತು ಎಂಬುದು ಲಾಭದ ಲೆಕ್ಕದಲ್ಲಿ ಕಾಣುವುದಿಲ್ಲ.

2026ರ ಜನವರಿ 28ರಂದು ಇನ್ನೂ 16,000 ಹುದ್ದೆಗಳ ಕಡಿತ ಪ್ರಕಟವಾಯಿತು. ಈ ಸಲವೂ ಸುದ್ದಿ ಮುಂಚೆಯೇ ಹೊರಬಿತ್ತು. ಹಿಂದಿನ ದಿನವೇ ಕ್ಲೌಡ್ ವಿಭಾಗದ ಹಲವರಿಗೆ ಕಡಿತದ ವಿಷಯವಿದ್ದ ಮೇಲ್ ಒಂದು ತಪ್ಪಾಗಿ ಹೋಗಿತ್ತು. ಕೆಲವು ತಿಂಗಳಿಗೊಮ್ಮೆ ಹೀಗೆ ದೊಡ್ಡ ಕಡಿತ ಮಾಡುವುದು ನಮ್ಮ ಯೋಜನೆಯಲ್ಲ ಎಂದು ಗಲೆಟ್ಟಿ ಬರೆದರು. ಪ್ರತಿ ಟೀಮ್ ತನ್ನ ಕೆಲಸವನ್ನು ಪರಿಶೀಲಿಸುತ್ತ ಅಗತ್ಯ ಬದಲಾವಣೆ ಮಾಡುತ್ತಲೇ ಇರುತ್ತದೆ ಎಂಬ ಮಾತೂ ಅದೇ ಪತ್ರದಲ್ಲಿತ್ತು.